ಆರ್ಥಿಕ ಏಕೀಕರಣ ಓದುವವರಿಗೆ ವಿಟ್ಸ್: ಸುಂಕಕ್ಕೆ ಸೈ, ಉಳಿದದ್ದಕ್ಕೆ ಹುಷಾರು

ಎರಡು ದೇಶಗಳು ಪರಸ್ಪರ ಸುಂಕ ಇಳಿಸಿಕೊಂಡರೆ ಹೊಸದಾಗಿ ಹುಟ್ಟುವ ವ್ಯಾಪಾರ ಎಷ್ಟು, ಒಪ್ಪಂದದ ಹೊರಗಿರುವವರ ಕೈತಪ್ಪುವುದು ಎಷ್ಟು? ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲಿ ಎತ್ತಿದ ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹುಡುಕುವ ವಿದ್ಯಾರ್ಥಿ ಮೊದಲು ತೆರೆಯಬೇಕಾದದ್ದು ವಿಶ್ವ ಬ್ಯಾಂಕಿನ ವಿಟ್ಸ್ ಜಾಲತಾಣ. ನೋಂದಣಿ ಉಚಿತ. ವಿಶ್ವಸಂಸ್ಥೆಯ ದತ್ತಾಂಶ ಸಂಗ್ರಹವಾದ ಕಾಮ್‌ಟ್ರೇಡ್‌ನ ವ್ಯಾಪಾರದ ಅಂಕಿಗಳೂ ಅಂಕ್ಟಾಡ್ (ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಅಂಗ) ಮತ್ತು ವಿಶ್ವ ವ್ಯಾಪಾರ ಸಂಸ್ಥೆಯ ಸುಂಕದ ಅಂಕಿಗಳೂ ಒಂದೇ ಕಡೆ ಸಿಗುತ್ತವೆ.

ಇದರ ನಿಜವಾದ ಬಲ ಸುಂಕದ ವಿಭಾಗ. ಬದ್ಧ ಸುಂಕ (ಇದಕ್ಕಿಂತ ಏರಿಸುವುದಿಲ್ಲವೆಂದು ದೇಶ ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ಮಿತಿ), ಎಂಎಫ್‌ಎನ್ ಸುಂಕ (ಸಂಸ್ಥೆಯ ಸದಸ್ಯರಿಗೆಲ್ಲ ಒಂದೇ ಆಗಿ ಹಾಕುವ ದರ), ಆದ್ಯತಾ ಸುಂಕ (ಒಪ್ಪಂದದ ಪಾಲುದಾರರಿಗೆ ಕೊಡುವ ರಿಯಾಯಿತಿ ದರ), ವಾಸ್ತವವಾಗಿ ಅನ್ವಯಿಸುವ ಸುಂಕ, ಎಲ್ಲವೂ ಬೇರೆಬೇರೆಯಾಗಿ ಸಿಗುತ್ತವೆ. ಮುಕ್ತ ವ್ಯಾಪಾರ ಒಪ್ಪಂದದ ಲಾಭ ಅಳೆಯಲು ಎಂಎಫ್‌ಎನ್‌ನಿಂದ ಆದ್ಯತಾ ಸುಂಕವನ್ನು ಕಳೆಯಬೇಕು. ಬದ್ಧ ಸುಂಕದಿಂದ ಕಳೆದರೆ ಲಾಭ ಸುಮ್ಮನೆ ಉಬ್ಬುತ್ತದೆ. ವಾಸ್ತವವಾಗಿ ಅನ್ವಯಿಸುವ ಸುಂಕದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಲಭ್ಯವಿರುವುದರಲ್ಲಿ ಕಡಿಮೆ ದರವನ್ನೇ ಅದು ಆರಿಸಿಕೊಳ್ಳುತ್ತದೆ. ಸರಕು ಪಾಲುದಾರ ದೇಶದಲ್ಲೇ ತಯಾರಾದದ್ದೆಂದು ಸಾಬೀತುಪಡಿಸುವ 'ಮೂಲದ ನಿಯಮಗಳ' ಕಾಗದಪತ್ರಕ್ಕೆ ಬೇಸತ್ತು ವ್ಯಾಪಾರಿಗಳು ಎಂಎಫ್‌ಎನ್ ದರವನ್ನೇ ಕಟ್ಟುತ್ತಿರಬಹುದು ಎಂಬುದು ಅದಕ್ಕೆ ಗೊತ್ತಿಲ್ಲ.

ಸರಾಸರಿ ಆರಿಸುವಲ್ಲಿ ಎಡವುವವರು ಬಹಳ. ಒಂದು ಸರಕಿಗೆ ಶೇ 100 ಸುಂಕ, ಆಮದು ಸೊನ್ನೆ. ಇನ್ನೊಂದಕ್ಕೆ ಶೇ 5, ಆಮದು ಭರ್ತಿ. ಸರಳ ಸರಾಸರಿ 52.5, ಆಮದಿನ ತೂಕ ಹಾಕಿದ ಸರಾಸರಿ 5. ಆಮದನ್ನೇ ತಡೆದ ಸುಂಕ ಎರಡನೆಯ ಲೆಕ್ಕದಲ್ಲಿ ಮಾಯ. ಎರಡನ್ನೂ ಕೊಡಿ. ಕೃಷಿ ಸರಕುಗಳಿಗೆ ಕೆಜಿಗೆ ಇಷ್ಟು ಎಂದು ಹಾಕುವ ಸುಂಕವನ್ನು ಶೇಕಡಾವಾರಿಗೆ ಪರಿವರ್ತಿಸುವ ಆಯ್ಕೆ ಒತ್ತಲು ಮರೆಯಬೇಡಿ. ಜರ್ಮನಿಯ ಸುಂಕವನ್ನು ಜರ್ಮನಿಯ ಹೆಸರಲ್ಲಿ ಹುಡುಕಬೇಡಿ, ಸುಂಕ ಒಕ್ಕೂಟವಾದ್ದರಿಂದ ಅದು ಐರೋಪ್ಯ ಒಕ್ಕೂಟದ ಹೆಸರಲ್ಲಿದೆ.

ವ್ಯಾಪಾರದ ಅಂಕಿಗಳ ವಿಷಯದಲ್ಲಿ ಇಷ್ಟು ಹೊಗಳಿಕೆ ಸಲ್ಲದು. ಬೇಕಾದದ್ದು ಅಷ್ಟೇ ಆದರೆ ಕಾಮ್‌ಟ್ರೇಡ್‌ಗೇ ನೇರವಾಗಿ ಹೋಗಿ. ಇಲ್ಲಿಂದಲೇ ಇಳಿಸುವುದಾದರೆ ಎಚ್‌ಎಸ್ ಕೋಡಿನ (ಸರಕುಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಆವೃತ್ತಿ ಗಮನಿಸಿ: 1996, 2002, 2007, 2012, 2017, 2022ರಲ್ಲಿ ಪರಿಷ್ಕರಣೆಯಾಗಿದೆ. 2000ದಿಂದ 2020ರವರೆಗಿನ ಸರಣಿಗೆ ಎಲ್ಲ ವರ್ಷಕ್ಕೂ 1996ರ ಆವೃತ್ತಿಯನ್ನೇ ಹಿಡಿಯಿರಿ. ಇಲ್ಲದಿದ್ದರೆ ಕೋಡ್ ಬದಲಾದ ವರ್ಷ ವ್ಯಾಪಾರವೇ ಕುಸಿದಂತೆ ಕಾಣುತ್ತದೆ. ಆಮದಿನ ಮೌಲ್ಯದಲ್ಲಿ ಸಾಮಾನ್ಯವಾಗಿ ಸಾಗಣೆ ಮತ್ತು ವಿಮೆ ಸೇರಿರುತ್ತವೆ, ರಫ್ತಿನದರಲ್ಲಿ ಇಲ್ಲ, ಹಾಗಾಗಿ ಎರಡು ದೇಶಗಳ ಲೆಕ್ಕ ತಾಳೆಯಾಗದು. ಪಾಲುದಾರರ ಪಟ್ಟಿಯಲ್ಲಿ 'ವರ್ಲ್ಡ್' ಜೊತೆಗೆ ಎಲ್ಲ ದೇಶಗಳನ್ನೂ ಆರಿಸಿ ಕೂಡಿದರೆ ಮೊತ್ತ ಇಮ್ಮಡಿ. ರಾಟರ್‌ಡ್ಯಾಮ್ ಬಂದರಿನಲ್ಲಿಳಿದು ಮುಂದೆ ಹೋಗುವ ಸರಕು ನೆದರ್‌ಲ್ಯಾಂಡ್ಸ್‌ನ ಲೆಕ್ಕವನ್ನು ಹಿಗ್ಗಿಸುವುದೂ ನೆನಪಿರಲಿ. ದೇಶಗಳ ಆರ್ಥಿಕ ಗಾತ್ರ ಮತ್ತು ದೂರದಿಂದ ವ್ಯಾಪಾರವನ್ನು ಅಂದಾಜಿಸುವ ಗ್ರಾವಿಟಿ ಮಾದರಿ ಮಾಡುವವರಿಗೆ ಇನ್ನೊಂದು ತೊಡಕು: ಇಲ್ಲದ ಸಾಲು ಸೊನ್ನೆ ವ್ಯಾಪಾರವೋ ವರದಿಯಾಗದ ವ್ಯಾಪಾರವೋ ಕಡತ ಹೇಳುವುದಿಲ್ಲ. ದೂರ, ಭಾಷೆಯಂಥ ಚರಾಂಶಗಳಿಗೆ ಪ್ಯಾರಿಸ್‌ನ ಸಂಶೋಧನಾ ಕೇಂದ್ರ ಸೆಪಿಯ ದತ್ತಾಂಶವೇ ಬೇಕು.

ಎಲ್ಲರ ಕಣ್ಣು ವಿಟ್ಸ್‌ನಲ್ಲೇ ಇರುವ ಸ್ಮಾರ್ಟ್ ಎಂಬ ಸಿಮ್ಯುಲೇಶನ್ ಮೇಲೆ. ಆಮದು ದೇಶ, ವರ್ಷ, ಸರಕು, ಪಾಲುದಾರರು, ಹೊಸ ಸುಂಕ ಕೊಟ್ಟು ಓಡಿಸಿದರೆ ವ್ಯಾಪಾರ ಸೃಷ್ಟಿ, ವ್ಯಾಪಾರ ಪಲ್ಲಟ (ಒಪ್ಪಂದದ ಹೊರಗಿನವರಿಂದ ಪಾಲುದಾರರತ್ತ ತಿರುಗಿದ ಆಮದು), ಸುಂಕದ ಆದಾಯ, ಕ್ಷೇಮ ಎಲ್ಲವೂ ಕೋಷ್ಟಕದಲ್ಲಿ ಬರುತ್ತವೆ. ಬಂದದ್ದನ್ನು ಹಾಗೇ ಪ್ರಬಂಧಕ್ಕೆ ಅಂಟಿಸಿದರೆ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಖಚಿತ. ಪೂರೈಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದರೆ ಪೂರೈಕೆ ಎಷ್ಟು ಬದಲಾಗುತ್ತದೆಂಬ ಅಳತೆ) ತಾನಾಗಿಯೇ 99, ಅಂದರೆ ಅನಂತ. ರಫ್ತುದಾರನ ಬೆಲೆ ಕದಲುವುದೇ ಇಲ್ಲ. ಬದಲಿಕೆಯ ಸ್ಥಿತಿಸ್ಥಾಪಕತ್ವ (ಒಂದು ದೇಶದ ಸರಕು ಬಿಟ್ಟು ಇನ್ನೊಂದರದ್ದಕ್ಕೆ ಕೊಳ್ಳುವವರು ಎಷ್ಟು ಸುಲಭವಾಗಿ ಹೊರಳುತ್ತಾರೆಂಬ ಅಳತೆ) 1.5. ಇದನ್ನು 1ಕ್ಕೂ 3ಕ್ಕೂ ಬದಲಿಸಿ ಮತ್ತೆ ಓಡಿಸಿ, ಪಲ್ಲಟದ ಅಂಕಿ ಎಷ್ಟು ಜಿಗಿಯುತ್ತದೆಂದು ತೋರಿಸಿ. ಮೊದಲೇ ಆಮದಿಲ್ಲದ ಸರಕಿಗೆ ಸುಂಕ ಪೂರ್ತಿ ತೆಗೆದರೂ ಫಲಿತಾಂಶ ಸೊನ್ನೆಯೇ. ದೇಶೀಯ ಉತ್ಪಾದನೆಯ ಅಂಕಿಯನ್ನು ಇದು ನೋಡುವುದೇ ಇಲ್ಲ, ಆದ್ದರಿಂದ ಇದರ 'ವ್ಯಾಪಾರ ಸೃಷ್ಟಿ' ವೈನರ್ ಹೇಳಿದ್ದಕ್ಕೆ, ಅಂದರೆ ದುಬಾರಿ ದೇಶೀಯ ಉತ್ಪಾದನೆಯ ಜಾಗಕ್ಕೆ ಪಾಲುದಾರನ ಅಗ್ಗದ ಸರಕು ಬರುವುದಕ್ಕೆ, ಸರಿಸಮವಲ್ಲ: ಅಗ್ಗವಾದ್ದರಿಂದ ಹೆಚ್ಚಿದ ಆಮದು, ಅಷ್ಟೇ.

ಒಂದು ಸರಕು, ಒಂದು ಆಮದು ಮಾರುಕಟ್ಟೆ, ಸುಂಕದ ಮೊದಲ ಸುತ್ತಿನ ಪರಿಣಾಮ: ಇಷ್ಟಕ್ಕೆ ಸ್ಮಾರ್ಟ್ ಸಾಕು. ಸೇವೆಗಳ ವ್ಯಾಪಾರ, ಕೂಲಿ, ವಲಯಗಳ ನಡುವಿನ ಕೊಂಡಿಗಳು ನಿಮ್ಮ ವಿಷಯವಾಗಿದ್ದರೆ ಇದರಲ್ಲಿ ಸಮಯ ಕಳೆಯದೆ ಇಡೀ ಆರ್ಥಿಕತೆಯ ಮಾರುಕಟ್ಟೆಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕುವ ಸಾಮಾನ್ಯ ಸಮತೋಲನ ಮಾದರಿ ಕಲಿಯಿರಿ.