ರೇಯ್ಡ್ ಕಾರ್ಡೋ, ಬರೀ ಎಚ್‌ಬಿಎಯೋ? ಎರಡನ್ನೂ ಹಾಕಿ ನೋಡಿದ್ದೇನೆ

ರೇಯ್ಡ್ ಕಾರ್ಡ್ ಅಂದರೆ ಹಲವು ಡಿಸ್ಕುಗಳನ್ನು ತಾನೇ ಸೇರಿಸಿ ಒಂದಾಗಿ ನಡೆಸುವ ಕಾರ್ಡ್; ಎಚ್‌ಬಿಎ ಡಿಸ್ಕುಗಳನ್ನು ಕಂಪ್ಯೂಟರಿಗೆ ಬರೀ ಜೋಡಿಸಿಕೊಡುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಚ್‌ಬಿಎಗೆ. ರೇಯ್ಡ್ ಕಾರ್ಡ್ ಕುಂಬಳೆಯ ಮಳೆಗಾಲಕ್ಕೂ ನನ್ನ ಕಿಸೆಗೂ ಹೊಂದಲಿಲ್ಲ.

ನನ್ನದು ಯಕ್ಷಗಾನದ ವಿಡಿಯೋ ಕೆಲಸ. 100 ಎಂಬಿಪಿಎಸ್‌ನಲ್ಲಿ ಹಿಡಿದರೆ ಗಂಟೆಗೆ 45 ಜಿಬಿ. ರಾತ್ರಿಯಿಡೀ ಆಟವಾದರೆ ಒಂದೇ ಕ್ಯಾಮೆರಾಕ್ಕೆ 350 ಜಿಬಿ ದಾಟುತ್ತದೆ. ಹಾಗಾಗಿ 4 ಟಿಬಿಯ ನಾಲ್ಕು ಡಿಸ್ಕ್ ಸೇರಿಸಿ ರೇಯ್ಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ) ಮಾಡುವ ಅಂತ ಮಂಗಳೂರಿನಿಂದ ಹಳೆ ಸರ್ವರ್ ಕಾರ್ಡೊಂದನ್ನು ತಂದೆ. 512 ಎಂಬಿ ಕ್ಯಾಶ್ (ಡೇಟಾ ಸ್ವಲ್ಪ ಹೊತ್ತು ನಿಲ್ಲುವ ಮೆಮೊರಿ), ಕರೆಂಟು ಹೋದರೂ ಅದನ್ನು ಉಳಿಸಲು ಬೆನ್ನ ಮೇಲೊಂದು ಬ್ಯಾಟರಿ.

ಬೂಟ್ ಆಗುವಾಗ ಕಂಟ್ರೋಲ್-ಎಚ್ ಒತ್ತಿದರೆ ಸೆಟ್ಟಿಂಗ್ ಪರದೆ ಬರುತ್ತದೆ, ಮೌಸ್ ಕೂಡ ನಡೆಯುತ್ತದೆ. ಡಿಸ್ಕ್ ಆರಿಸಿ, ಸ್ಟ್ರೈಪ್ ಸೈಜ್ (ಒಂದೊಂದು ಡಿಸ್ಕಿಗೆ ಹಂಚುವ ತುಂಡಿನ ಅಳತೆ) 256 ಕೆಬಿ ಕೊಟ್ಟು, ಚಾ ಕುಡಿದು ಬಂದೆ.

ಎಡವಟ್ಟಾದದ್ದು ರೈಟ್ ಪಾಲಿಸಿಯಲ್ಲಿ, ಅಂದರೆ ಡೇಟಾ ಬರೆಯುವ ಕ್ರಮದಲ್ಲಿ. ರೈಟ್ ಬ್ಯಾಕ್ ಅಂದರೆ ಡೇಟಾ ಕ್ಯಾಶಿಗೆ ಬಿದ್ದ ಕೂಡಲೇ ಕಾರ್ಡ್ "ಬರೆದಾಯ್ತು" ಅನ್ನುತ್ತದೆ, ಡಿಸ್ಕಿಗೆ ಇಳಿಸುವುದು ಆಮೇಲೆ. ರೈಟ್ ಥ್ರೂನಲ್ಲಿ ಡಿಸ್ಕಿಗೆ ಮುಟ್ಟುವ ತನಕ ಕಾಯಿಸುತ್ತದೆ. ನಾನು ರೈಟ್ ಬ್ಯಾಕ್ ಆರಿಸಿದ್ದರೂ ಕಾಪಿ ಸೆಕೆಂಡಿಗೆ 30 ಎಂಬಿ ಮೇಲೆ ಏರಲೇ ಇಲ್ಲ. ಕೇಬಲ್ ಬದಲಾಯಿಸಿದೆ, ಡಿಸ್ಕುಗಳ ಜಾಗ ಅದಲುಬದಲು ಮಾಡಿದೆ, ಎರಡು ದಿನ ಸುಮ್ನೆ ಹಾಳು. ಕೊನೆಗೆ ನೋಡಿದರೆ ಬ್ಯಾಟರಿ ಸತ್ತಿದೆ, ಕಾರ್ಡ್ ತನ್ನಷ್ಟಕ್ಕೆ ರೈಟ್ ಥ್ರೂಗೆ ಇಳಿದು ಕೂತಿದೆ. ಅದರಲ್ಲಿ 'ಡೀಫಾಲ್ಟ್' ಪಾಲಿಸಿ (ನಾವು ಆರಿಸಿದ್ದು), 'ಕರೆಂಟ್' ಪಾಲಿಸಿ (ಈಗ ನಿಜವಾಗಿ ನಡೆಯುತ್ತಿರುವುದು) ಅಂತ ಎರಡು ಸಾಲು ಇರುತ್ತವೆ. ನಾನು ಬರೀ ಮೊದಲನೆಯದನ್ನು ನೋಡುತ್ತಿದ್ದೆ.

ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್ ಮಾಡು ಅಂತ ಒತ್ತಾಯಿಸುವ ಆಯ್ಕೆಯೂ ಇದೆ. ಹಾಕಿದೆ, ವೇಗ ಬಂತು. ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ ಗಾಳಿಗೆ ತೆಂಗಿನ ಮಡಲು ಲೈನಿನ ಮೇಲೆ ಬಿತ್ತು, ಹಳೆ ಯುಪಿಎಸ್ ಎರಡು ಸಲ ಕೀಂಯ್ ಅಂದು ಸುಮ್ಮನಾಯಿತು, ಕ್ಯಾಶಿನಲ್ಲಿದ್ದದ್ದೆಲ್ಲ ಅಲ್ಲಿಗೇ ಹೋಯಿತು. ಒಂದು ತಾಳಮದ್ದಳೆಯ ಕೊನೆಯ ಫೈಲ್ ಇವತ್ತಿಗೂ ತೆರೆಯುವುದಿಲ್ಲ. ಹೊಸ ಬ್ಯಾಟರಿ ಕೇಳಿದರೆ ಹೆಚ್ಚುಕಡಿಮೆ ಕಾರ್ಡಿನಷ್ಟೇ ರೇಟು!

ತೊಂದರೆಯಾದಾಗ ಕೂಗುವ ಈ ಕಾರ್ಡಿನ ಬಝರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು "ಎಂತ ಭಾವ, ಆಂಬ್ಯುಲೆನ್ಸ್ ತೆಗೊಂಡ್ರಾ?" ಅಂತ ಕೇಳಿದ್ದರು.

ಆಮೇಲೆ ಬಂದದ್ದು ಎಚ್‌ಬಿಎ, ಎಲ್‌ಎಸ್‌ಐ 9211-8ಐ. ಇದಕ್ಕೆ ಕ್ಯಾಶೂ ಇಲ್ಲ, ಬ್ಯಾಟರಿಯೂ ಇಲ್ಲ. ಐಟಿ ಫರ್ಮ್‌ವೇರ್ (ರೇಯ್ಡ್ ಇಲ್ಲದ ಬಗೆಯ, ಕಾರ್ಡಿನೊಳಗಿನ ಸಾಫ್ಟ್‌ವೇರ್) ಹಾಕಿದರೆ ಡಿಸ್ಕುಗಳನ್ನು ಇದ್ದ ಹಾಗೆ ಲಿನಕ್ಸಿಗೆ ತೋರಿಸುತ್ತದೆ, ರೇಯ್ಡ್ ಕೆಲಸವೆಲ್ಲ ಎಂಡಿಎಡಿಎಂ ಎಂಬ ಲಿನಕ್ಸ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಈ ಫರ್ಮ್‌ವೇರನ್ನು ಕಾರ್ಡಿಗೆ ತುಂಬುವಾಗ, ಅಂದರೆ ಫ್ಲ್ಯಾಶ್ ಮಾಡುವಾಗ, ಡಾಸ್‌ನಲ್ಲಿ 'ಪಾಲ್' ಎರರ್ ಬಂದರೆ ಹೆದರಬೇಡಿ, ಯುಇಎಫ್ಐ ಶೆಲ್‌ನಿಂದ (ಲಿನಕ್ಸ್ ಏಳುವ ಮೊದಲೇ ಸಿಗುವ ಕಮಾಂಡ್ ಪರದೆ) ಮಾಡಿ. ಹಳೆಯದನ್ನು ಅಳಿಸಿದ ಮೇಲೆ ಹೊಸದು ಕೂರುವ ತನಕ ಮಾತ್ರ ಮೆಷಿನ್ ಆಫ್ ಆಗಬಾರದು. ನಾನು ಹೊಸ ಯುಪಿಎಸ್ ಬಂದ ಮೇಲೆಯೇ ಕೈ ಹಾಕಿದ್ದು. ಈ ಕಾರ್ಡಿನ ಡಿಸ್ಕುಗಳಿಂದ ಬೂಟ್ ಮಾಡುವುದಿಲ್ಲವಾದ್ದರಿಂದ ಅದಕ್ಕೆ ಬೇಕಾದ ಬೂಟ್ ರೋಮ್ ಹಾಕಲಿಲ್ಲ, ಮೆಷಿನ್ ಬೇಗ ಏಳುತ್ತದೆ.

ಬಿಸಿ ಮಾತ್ರ ವಿಪರೀತ, ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ. ಚಿಕ್ಕ ಫ್ಯಾನೊಂದನ್ನು ಕಟ್ಟಿದ್ದೇನೆ.

ನಾಳೆ ಈ ಕಾರ್ಡ್ ಸುಟ್ಟರೂ ಡಿಸ್ಕುಗಳನ್ನು ಯಾವುದೇ ಲಿನಕ್ಸ್ ಮೆಷಿನಿನ ಸಾಟಾ ಪೋರ್ಟಿಗೆ ಸಿಕ್ಕಿಸಿದರೆ ಸಾಕು. ರೇಯ್ಡ್ ಕಾರ್ಡ್ ಹೋದರೆ ಅದೇ ಜಾತಿಯ ಇನ್ನೊಂದನ್ನು ಹುಡುಕಿಕೊಂಡು ಅಲೆಯಬೇಕು, ಅಲ್ವಾ? ವಿಂಡೋಸ್ ಬಿಡದವರು, ಕಮಾಂಡ್ ಟೈಪ್ ಮಾಡಲು ಬೇಜಾರಿರುವವರು ಹೊಸ ಬ್ಯಾಟರಿಯ ದುಡ್ಡನ್ನೂ ಲೆಕ್ಕಕ್ಕೆ ಹಿಡಿದು ರೇಯ್ಡ್ ಕಾರ್ಡನ್ನೇ ತಗೊಳ್ಳಿ.

ನನ್ನದು ಅಟ್ಟದ ಮೇಲಿದೆ. ಬೇಕಾದವರು ಬಂದು ಕೊಂಡುಹೋಗಬಹುದು, ಬ್ಯಾಟರಿ ನೀವೇ ಹಾಕಿಸಿಕೊಳ್ಳಿ.