ನೀರಲ್ಲಿ ಕರಗುವ ಅಸಿಟೈಲ್ ಸಿಸ್ಟೀನ್ ಮಾತ್ರೆ: ಲಿವರ್ ರೋಗಿಯ ಏದುಸಿರಿಗೆ ಆಗುತ್ತದೆಯೇ?

ಹಾಸನ, ಚಿಕ್ಕಮಗಳೂರಿನ ಮೆಡಿಕಲ್ ಸ್ಟೋರುಗಳಲ್ಲಿ ಕಫ ಕರಗಿಸಲು ಕೊಡುವ 600 ಮಿ.ಗ್ರಾಂ ಮಾತ್ರೆ ಇದು. ಕಫಕ್ಕೆ ಒಳ್ಳೆಯದೇ. ಸಿರೋಸಿಸ್‌ನಿಂದ (ಲಿವರ್ ಗಟ್ಟಿಯಾಗಿ ಕೆಡುವ ರೋಗ) ಶ್ವಾಸಕೋಶ ಕೆಟ್ಟವರು ಮಾತ್ರ ಇದನ್ನು ನಂಬಿ ಕೂರಬೇಡಿ.

ಆ ಕಾಯಿಲೆಯಲ್ಲಿ ದೇಹವೇ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೆಚ್ಚಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಆಮ್ಲಜನಕ ತುಂಬಿಕೊಳ್ಳದೆಯೇ ಮುಂದೆ ಹೋಗಿಬಿಡುತ್ತದೆ. ಪ್ರಯೋಗಕ್ಕೆಂದು ಪಿತ್ತನಾಳವನ್ನು ಕಟ್ಟಿ ಈ ಕಾಯಿಲೆ ಬರಿಸಿದ ಇಲಿಗಳಲ್ಲಿ ಈ ಔಷಧ ಹಾನಿ ತಗ್ಗಿಸಿದ್ದುಂಟು. ಮನುಷ್ಯರಲ್ಲಿ ಆ ನಾಳಗಳನ್ನು ಸರಿಪಡಿಸುವುದೆಂದು ಸಾಬೀತಾದ ಮಾತ್ರೆ ಯಾವುದೂ ಇಲ್ಲ. ಗುಣವಾಗುವುದು ಲಿವರ್ ಕಸಿಯಿಂದ. ಅಲ್ಲಿಯವರೆಗೆ ಆಮ್ಲಜನಕವೇ ಆಸರೆ.

ಡಾಕ್ಟರು ಬರೆದಿದ್ದರೆ ಅರ್ಧ ಲೋಟ ನೀರಿಗೆ ಹಾಕಿ, ನೊರೆ ಇಳಿದ ಮೇಲೆ ಕುಡಿಯಿರಿ. ಕೊಳೆತ ಮೊಟ್ಟೆಯ ವಾಸನೆ ಗಂಧಕದ್ದು, ಔಷಧ ಕೆಟ್ಟಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಫಾಯಿಲ್ ಮೊದಲೇ ಹರಿದಿಟ್ಟರೆ ಮಾತ್ರೆ ತೇವ ಎಳೆದು ಪುಡಿಯಾಗುತ್ತದೆ. ದೊಡ್ಡ ತೊಂದರೆ ಮಾತ್ರೆಯಲ್ಲಿರುವ ಸೋಡಿಯಂ, ಅಂದರೆ ಉಪ್ಪಿನಂಶ: ನೊರೆ ಬರಿಸುವುದೇ ಸೋಡಾ. ಹೊಟ್ಟೆಯಲ್ಲಿ ನೀರು ತುಂಬಿ, ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯಲ್ಲಿರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಆಸ್ತಮಾ ಇದ್ದರೆ ಉಬ್ಬಸ ಕೆರಳಬಹುದು.

ಮೊದಲು ಆಕ್ಸಿಮೀಟರ್ ಕೊಳ್ಳಿ. ರೋಗಿಯನ್ನು ಐದು ನಿಮಿಷ ಮಲಗಿಸಿ ಆಮ್ಲಜನಕದ ಅಂಕಿ ಬರೆದುಕೊಳ್ಳಿ, ಆಮೇಲೆ ಕೂರಿಸಿ ಮತ್ತೆ ನೋಡಿ. ಕೂತಾಗ ಅಂಕಿ ಇಳಿದು ಏದುಸಿರು ಹೆಚ್ಚಿದರೆ ಎರಡೂ ಅಂಕಿ ಡಾಕ್ಟರಿಗೆ ತೋರಿಸಿ, ಬಬಲ್ ಎಕೋ (ರಕ್ತನಾಳಕ್ಕೆ ಸಣ್ಣ ಗುಳ್ಳೆಗಳಿರುವ ದ್ರವ ಚುಚ್ಚಿ ಮಾಡುವ ಹೃದಯದ ಸ್ಕ್ಯಾನ್) ಬೇಕೇ ಎಂದು ಕೇಳಿ. ಬೆರಳು ತಣ್ಣಗಿದ್ದರೆ ಅಂಕಿ ತಪ್ಪುತ್ತದೆ; ಚಿಕ್ಕಮಗಳೂರಿನ ಚಳಿಯಲ್ಲಿ ಕೈ ಉಜ್ಜಿ ಬೆಚ್ಚಗಾಗಿಸಿಯೇ ಹಾಕಿ.