ನಾಲ್ಕು ಮಳೆಗಾಲ ಕಂಡ ಎಲೆಕ್ಟ್ರಿಕ್ ಕುಕ್ಕರ್ ಮತ್ತು ತೆರಿಯಾಕಿ ಚಿಕನ್

ಮಡಿಕೇರಿಯ ನಮ್ಮ ಮನೆಗೆ ಈ 6 ಲೀಟರಿನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಬಂದ ಮೇಲೆ ನಾಲ್ಕು ಮಳೆಗಾಲ ಕಳೆದಿವೆ. ಅನ್ನ, ಕಡಲೆ, ಕೊಡಗಿನ ಹಂದಿಮಾಂಸದ ಪಂದಿಕರಿ ಎಲ್ಲ ಇದರಲ್ಲಿ ಮಾಡಿದ್ದೇನೆ. ಆದರೆ ಇದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ನನಗೆ ತೋರಿಸಿಕೊಟ್ಟದ್ದು ತೆರಿಯಾಕಿ ಚಿಕನ್, ಅಂದರೆ ಸಿಹಿ ಸೋಯಾ ಸಾಸ್ ಹೊಳೆಯುವಂತೆ ಅಂಟಿಕೊಂಡ ಜಪಾನಿ ಕೋಳಿ ಅಡುಗೆ. ಮಗಳಿಗೆ ಅದು ಪ್ರಾಣ. ತಿಂಗಳಿಗೆ ಎರಡು ಸಲವಾದರೂ ಮಾಡಲೇಬೇಕು.

ಮೊದಲ ಸಲ ಸೋಯಾ ಸಾಸ್, ಸಕ್ಕರೆ, ಕಾರ್ನ್‌ಫ್ಲೋರ್, ಕೋಳಿ ಎಲ್ಲ ಒಟ್ಟಿಗೆ ಹಾಕಿ ಮುಚ್ಚಿದೆ. ಪ್ರೆಶರ್ ಏರುವ ಮೊದಲೇ ತಳ ಹಿಡಿಯಿತು, ಕುಕ್ಕರ್ ಬೀಪ್ ಬೀಪ್ ಅಂತ ನಿಂತೇ ಹೋಯಿತು. ಎರಡನೇ ಸಲ ನೀರು ಜಾಸ್ತಿ ಹಾಕಿದೆ. ಕೋಳಿ ಬೆಣ್ಣೆಯಂತೆ ಬೆಂದಿತ್ತು, ಸಾಸ್ ಮಾತ್ರ ತಿಳಿಸಾರು. ಜಪಾನಿ ಭಾಷೆಯಲ್ಲಿ ‘ತೆರಿ’ ಅಂದರೆ ಹೊಳಪು. ಆ ಹೊಳಪೇ ಇಲ್ಲದಿದ್ದರೆ ಇನ್ನೇನು ಉಳಿಯಿತು, ಅಲ್ವಾ?

ಕಾರಣ ಆಮೇಲೆ ತಿಳಿಯಿತು. ಮುಚ್ಚಿದ ಕುಕ್ಕರಿನಿಂದ ನೀರು ಆವಿಯಾಗಿ ಹೊರಗೆ ಹೋಗುವುದೇ ಇಲ್ಲ. ಕೋಳಿಯೂ ತನ್ನ ನೀರು ಬಿಡುತ್ತದೆ. ಹಾಗಾಗಿ ಸಾಸ್ ಗಟ್ಟಿಯಾಗಬೇಕಾದ್ದು ಮುಚ್ಚಳ ತೆಗೆದ ಮೇಲೆಯೇ.

ಈಗ ನಾನು ಮಾಡುವುದು ಹೀಗೆ. ಕೋಳಿ ಅಂಗಡಿಯಲ್ಲಿ ಕಾಲಿನ ಮಾಂಸವನ್ನೇ ಮೂಳೆ ಬಿಡಿಸಿ ಕೇಳುತ್ತೇನೆ, 700 ಗ್ರಾಂ. ಎದೆ ಮಾಂಸ ಬೇಡ, ಪ್ರೆಶರಿನಲ್ಲಿ ನಾರಾಗುತ್ತದೆ. ಮುಕ್ಕಾಲು ಕಪ್ ನೀರು, ಕಾಲು ಕಪ್ ತಿಳಿ ಸೋಯಾ ಸಾಸ್, ಎರಡು ಚಮಚ ಸಕ್ಕರೆ, ಜಜ್ಜಿದ ಶುಂಠಿ ಬೆಳ್ಳುಳ್ಳಿ. ಸಕ್ಕರೆ ಪೂರ್ತಿ ಕರಗಿಸಿಯೇ ಸುರಿಯಬೇಕು. ಉಪ್ಪು ಹಾಕುವುದಿಲ್ಲ, ಸೋಯಾದಲ್ಲೇ ಬೇಕಾದಷ್ಟಿದೆ. ಜಪಾನಿನವರು ಹಾಕುವ ಮಿರಿನ್ (ಅಡುಗೆಯ ಸಿಹಿ ಮದ್ಯ), ಸಾಕೆ (ಕುಡಿಯುವ ಮದ್ಯ) ಎರಡೂ ಅಕ್ಕಿಯಿಂದ ಮಾಡಿದವು. ನನಗೆ ಇಲ್ಲಿ ಸಿಗುವುದಿಲ್ಲ, ಸಕ್ಕರೆಯಲ್ಲೇ ಸುಧಾರಿಸುತ್ತೇನೆ.

ಪುಸ್ತಕದಲ್ಲಿ 8 ನಿಮಿಷ ಅಂತ ಇದೆ, ನಾನು 10 ಇಡುತ್ತೇನೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಮುಚ್ಚಿದ ಕುಕ್ಕರಿನಲ್ಲೂ ಬಿಸಿ ಒಂದಿಷ್ಟು ಕಮ್ಮಿಯೇ. ಆಫ್ ಆದ ಮೇಲೆ 5 ನಿಮಿಷ ಸುಮ್ನೆ ಬಿಟ್ಟು, ಆಮೇಲೆ ಹಬೆ ಬಿಡುತ್ತೇನೆ.

ನಂತರ ಕೋಳಿ ಎತ್ತಿಟ್ಟು, ಸಾಟೆ (ಮುಚ್ಚಳ ತೆಗೆದು ಹುರಿಯುವ) ಬಟನ್ ಒತ್ತಿ ಸಾಸನ್ನು ಏಳೆಂಟು ನಿಮಿಷ ಕುದಿಸಬೇಕು. ಒಂದು ಚಮಚ ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕದಡಿ ಹಾಕಿ, ಕೊನೆಗೆ ಎರಡು ಚಮಚ ನಮ್ಮ ಕೊಡಗಿನ ಜೇನು, ನಾಲ್ಕೈದು ತೊಟ್ಟು ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ. ಇದು ಜಪಾನಿನ ಕ್ರಮ ಅಲ್ಲ, ನನ್ನ ಕೈಯ ರುಚಿ. ಸಾಸ್ ಚಮಚಕ್ಕೆ ಅಂಟಿ ಹೊಳೆಯುವಾಗ ಕೋಳಿ ವಾಪಸ್ ಹಾಕುತ್ತೇನೆ. ಅತ್ತೆ ಒಮ್ಮೆ ಪಕ್ಕದಲ್ಲೇ ನಿಂತು ನೋಡಿ, “ಪಂದಿಕರಿಗೂ ಹೀಗೇ ಅಲ್ವಾ ಮಾರಾಯ್ತಿ, ಕಾಚಂಪುಳಿ ಬಿದ್ದ ಮೇಲೇ ಬಣ್ಣ ಬರುವುದು” ಅಂದರು. ಅಂದಿನಿಂದ ಪಂದಿಕರಿಯನ್ನೂ ಇದರಲ್ಲೇ ಬೇಯಿಸಿ, ಕಾಚಂಪುಳಿಯನ್ನು ಮುಚ್ಚಳ ತೆಗೆದ ಮೇಲೆ ಹಾಕಿ ಬತ್ತಿಸುತ್ತೇನೆ.

ಬರೀ ತೆರಿಯಾಕಿಗಾಗಿ ಈ ಕುಕ್ಕರ್ ಕೊಳ್ಳಬೇಡಿ. ಬಾಣಲೆಯಲ್ಲಿ ಇಷ್ಟೇ ಹೊತ್ತಿನಲ್ಲಿ, ಇನ್ನೂ ಚೆನ್ನಾಗಿ ಆಗುತ್ತದೆ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದಿಂದ ದಣಿದು ಬಂದು, ಇದಕ್ಕೆ ಹಾಕಿಟ್ಟು ಸ್ನಾನಕ್ಕೆ ಹೋಗಬಹುದು. ವಿಸಿಲ್ ಎಣಿಸುವುದು ಬೇಡ, ಗ್ಯಾಸ್ ಆರಿಸಲು ಓಡುವುದು ಬೇಡ. ನನಗೆ ಅದು ತುಂಬಾ ದೊಡ್ಡದು.

ಕಷ್ಟ ಇರುವುದು ಮಳೆಗಾಲದಲ್ಲಿ. ವೋಲ್ಟೇಜ್ ಬಿದ್ದರೆ ಪ್ರೆಶರ್ ಏರಲು ಹತ್ತರ ಬದಲು ಇಪ್ಪತ್ತು ನಿಮಿಷ. ಕರೆಂಟು ಹೋದರೆ ಅಡುಗೆ ಅರ್ಧಕ್ಕೇ ನಿಂತಿತು. ಇದು 1000 ವ್ಯಾಟ್ ಎಳೆಯುತ್ತದೆ, ನಮ್ಮ ಮನೆಯ ಇನ್ವರ್ಟರಿಗೆ ಆಗದು. ಜುಲೈನಲ್ಲಿ ಗ್ಯಾಸ್ ಮೇಲಿನ ಹಳೇ ಕುಕ್ಕರೇ ಗತಿ. ಮುಚ್ಚಳ ಹಾಕಿ ಎತ್ತಿಟ್ಟರೆ ಒಂದೇ ವಾರಕ್ಕೆ ಒಳಗೆ ಬೂಷ್ಟು, ಹಾಗಾಗಿ ಮುಚ್ಚಳ ಮಗುಚಿಯೇ ಇಡಿ.

ಇನ್ನೊಂದು, ಮುಚ್ಚಳದ ಸಿಲಿಕೋನ್ ರಿಂಗ್ ವಾಸನೆ ಹಿಡಿಯುತ್ತದೆ. ಪಂದಿಕರಿಯ ಮರುದಿನ ಪಾಯಸ ಮಾಡಿ, ಇಡೀ ಪಾತ್ರೆ ಚೆಲ್ಲಬೇಕಾಯಿತು. ಕುಕ್ಕರ್ ಕೊಳ್ಳುವಾಗಲೇ ಇನ್ನೊಂದು ರಿಂಗ್ ತೆಗೆದುಕೊಳ್ಳಿ. ಒಂದು ಮಾಂಸಕ್ಕೆ, ಒಂದು ಸಿಹಿಗೆ.